ಹೈದರಾಬಾದಿನಲ್ಲಿ ಕೊನೆಯ ಹಗಲು

ಪ್ರವಾಸದ ಮೊದಲ ದಿನಗಳು ಕಣ್ಣಿಗೆ ಸೇರಿದವು. ಕೊನೆಯ ದಿನ ಕಿಸೆಗೆ ಸೇರಿದ್ದು. ರಾತ್ರಿಯ ರೈಲಿಗೆ ಟಿಕೆಟು ಕಾದಿರಿಸಿಯಾಗಿದೆ. ಉಳಿದಿರುವ ಹಣ ಅಲ್ಪ. ಮನೆಯಲ್ಲಿ ದಾರಿ ಕಾಯುತ್ತಿರುವವರ ಸಂಖ್ಯೆ ಮಾತ್ರ ಅಲ್ಪವಲ್ಲ. ಹೋಟೆಲಿನ ದುಡಿಮೆಯಿಂದಲೋ ಕಚೇರಿಯ ಕಡತಗಳಿಂದಲೋ ನಾಲ್ಕು ದಿನಗಳ ಬಿಡುವು ಪಡೆದು ಮುಂಬಯಿ ಪುಣೆಗಳಿಂದ ಹೈದರಾಬಾದಿಗೆ ಬಂದ ನಮ್ಮವರು ಗೋಲ್ಕೊಂಡದ ಕೋಟೆಯನ್ನು ಹತ್ತಿಳಿದು, ಹುಸೇನ್ ಸಾಗರದ ಗಾಳಿ ಸೇವಿಸಿದ ಬಳಿಕ ಉಳಿಯುವ ಆ ಒಂದು ಹಗಲನ್ನು ಹೇಗೆ ಕಳೆಯಬೇಕು? ಮೂಸಿಯ ದಕ್ಷಿಣಕ್ಕಿರುವ ಹಳೆಯ ಪಟ್ಟಣಕ್ಕೇ ಅದನ್ನು ಮೀಸಲಿಡಬೇಕೆಂಬುದು ನಮ್ಮ ಮತ. ಆದರೆ ನೆಟ್ಟಗೆ ಅಂಗಡಿಗೆ ಹೋಗಬಾರದು. ಮೊದಲು ಸಾಲಾರ್ ಜಂಗ್ ವಸ್ತುಸಂಗ್ರಹಾಲಯಕ್ಕೆ ಹೋಗಬೇಕು.

ಅಫ್ಜಲ್‌ಗಂಜಿನ ಕಡೆಯಿಂದ ಸೇತುವೆ ದಾಟುವಾಗ ಕೆಳಗೆ ಬಡಕಲಾಗಿ ಹರಿಯುವ ಮೂಸಿಯನ್ನು ಕಂಡು ಯಾರೂ ಹೆದರಲಾರರು. 1908ರ ಸೆಪ್ಟೆಂಬರಿನಲ್ಲಿ ಇದೇ ನದಿ ಉಕ್ಕಿ ಸಾವಿರಾರು ಜನರನ್ನು ಬಲಿ ತೆಗೆದುಕೊಂಡಿತು. ಮರುವರ್ಷ ಇಲ್ಲಿಗೆ ಬಂದು, ಅಂಥ ವಿಪತ್ತು ಮರುಕಳಿಸದಂತೆ ಮೇಲ್ಗಡೆ ಜಲಾಶಯಗಳನ್ನು ಕಟ್ಟಬೇಕೆಂಬ ಯೋಜನೆಯನ್ನು ಸಿದ್ಧಪಡಿಸಿದವರು ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು. ಉಸ್ಮಾನ್ ಸಾಗರವೂ ಹಿಮಾಯತ್ ಸಾಗರವೂ ಅದರ ಫಲ.

ವಸ್ತುಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ಪ್ರಯಾಣದ ದಿನವನ್ನು ಗೊತ್ತುಮಾಡುವಾಗಲೇ ಇದನ್ನು ಗಮನಿಸುವುದು ಒಳ್ಳೆಯದು. ಮೂರನೆಯ ಸಾಲಾರ್ ಜಂಗರು ಜೀವಮಾನವಿಡೀ ಕೂಡಿಸಿದ ಸಂಗ್ರಹಕ್ಕೆ 1951ರಲ್ಲಿ ನೆಹರೂ ಅವರಿಂದ ಉದ್ಘಾಟನೆಯಾಯಿತು. ಈಗಿನ ಕಟ್ಟಡಕ್ಕೆ ಅದು ಬಂದದ್ದು 1968ರಲ್ಲಿ. ಗಂಟೆಗೊಮ್ಮೆ ಪುಟ್ಟ ಬೊಂಬೆಯೊಂದು ಹೊರಬಂದು ಜಾಗಟೆ ಬಾರಿಸುವ ಗಡಿಯಾರದ ಮುಂದೆ ಜನ ನೆರೆದೇ ಇರುತ್ತಾರೆ. ಬೆನ್ಜೋನಿ ಎಂಬ ಇಟಲಿಯ ಶಿಲ್ಪಿ ಕಡೆದ ರೆಬೆಕ್ಕಳ ಅಮೃತಶಿಲೆಯ ಮುಸುಕಿನೊಳಗಿಂದ ಮುಖ ಕಾಣುವ ಸೋಜಿಗವನ್ನೂ ನೋಡಿಯೇ ತೀರಬೇಕು. ಆದರೆ ಕನ್ನಡಿಗರು ಹೆಚ್ಚು ಹೊತ್ತು ನಿಲ್ಲಬೇಕಾದದ್ದು ಬಿದರಿ ಸಾಮಾನುಗಳ ಮುಂದೆ. ಕಾಡಿಗೆಗಪ್ಪು ಲೋಹದ ಮೇಲೆ ಬೆಳ್ಳಿಯ ಬಳ್ಳಿ ಹಬ್ಬಿದ ಹುಕ್ಕಾದ ಬುಡಗಳು, ಹೂಜಿಗಳು, ತಟ್ಟೆಗಳು ಅಲ್ಲಿವೆ. ಹೆಸರೇ ಹೇಳುವಂತೆ ಈ ಕಲೆಯ ತವರು ಬೀದರ.

ಇದರ ಕೆಲಸ ನಡೆಯುವ ಬಗೆಯನ್ನು ತಿಳಿದು ನೋಡಿದರೆ ನೋಟದ ರುಚಿಯೇ ಬೇರೆ. ಹದಿನಾರು ಪಾಲು ಸತುವಿಗೆ ಒಂದು ಪಾಲು ತಾಮ್ರ ಬೆರೆಸಿ, ಮಣ್ಣಿನ ಅಚ್ಚಿನಲ್ಲಿ ಎರಕ ಹೊಯ್ಯುತ್ತಾರೆ. ಅರದಿಂದ ಉಜ್ಜಿ ನಯಗೊಳಿಸಿದ ಮೈಗೆ ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪಾಗಿಸುತ್ತಾರೆ; ಅದರ ಮೇಲೆ ಕೊರೆದ ಗೆರೆ ಬೆಳ್ಳಗೆ ಎದ್ದು ಕಾಣುತ್ತದೆ. ಉಳಿಯಿಂದ ತೋಡಿದ ಆ ಕಾಲುವೆಗಳಲ್ಲಿ ಬೆಳ್ಳಿಯ ತಂತಿಯನ್ನಿಟ್ಟು ಬಡಿದು ಕೂಡಿಸಿ, ಮತ್ತೆ ಉಜ್ಜುತ್ತಾರೆ. ಈ ಹಂತದಲ್ಲಿ ಲೋಹವೂ ಬೆಳ್ಳಿಯೂ ಒಂದೇ ಬಣ್ಣವಾಗಿ, ಪಟ್ಟ ಪರಿಶ್ರಮವೆಲ್ಲ ಮಾಯವಾದಂತೆ ತೋರುತ್ತದೆ. ಆಗ ಬರುತ್ತದೆ ಬೀದರ ಕೋಟೆಯ ಮಣ್ಣು. ಮಳೆ ಬಿಸಿಲು ತಾಕದ ಮೂಲೆಗಳಿಂದ ತಂದ ಆ ಮಣ್ಣನ್ನು ನವಸಾಗರದೊಂದಿಗೆ ನೀರಿನಲ್ಲಿ ಕದಡಿ, ಬಿಸಿ ಮಾಡಿದ ಪಾತ್ರೆಗೆ ತಿಕ್ಕಿದರೆ ಲೋಹವು ಕಪ್ಪಾಗುತ್ತದೆ, ಬೆಳ್ಳಿ ಬೆಳ್ಳಿಯಾಗಿಯೇ ಉಳಿಯುತ್ತದೆ. ಒಳ್ಳೆಯ ಮಣ್ಣನ್ನು ಕುಶಲಕರ್ಮಿಗಳು ನಾಲಗೆಯ ಮೇಲಿಟ್ಟು ಗುರುತಿಸುತ್ತಾರಂತೆ. ಬೀದರದ ಕಲಾವಿದ ಶಾ ರಶೀದ್ ಅಹ್ಮದ್ ಕಾದ್ರಿಯವರಿಗೆ 2023ರಲ್ಲಿ ಪದ್ಮಶ್ರೀ ಸಂದದ್ದು ಈ ಕೈಕೆಲಸಕ್ಕಾಗಿಯೇ.

ಇಷ್ಟನ್ನು ಕಂಡು ಪತ್ಥರ್‌ಗಟ್ಟಿಯ ಕಲ್ಲು ಕಮಾನುಗಳ ಕೆಳಗೆ ನಡೆದರೆ ಅಂಗಡಿಗಳಲ್ಲಿ ಕಣ್ಣು ಮೋಸಹೋಗುವ ಭಯ ಕಡಿಮೆ. ನಾವು ಹೋದ ದಿನ ಒಂದು ಅಂಗಡಿಯಲ್ಲಿ ಕರಾವಳಿಯ ಕಡೆಯ ದಂಪತಿಗಳು ಕಪ್ಪು ಡಬ್ಬಿಯೊಂದನ್ನು ತಿರುಗಿಸಿ ನೋಡುತ್ತಿದ್ದರು. “ನವಾಬರ ಕಾಲದ್ದಿರಬೇಕು” ಎಂದರು ಯಜಮಾನರು. “ಯಾವ ಊರಿನದು, ಕೇಳಿ ನೋಡಿ” ಎಂದರು ಆಕೆ. ಅಂಗಡಿಯವನು ತಲೆಯೆತ್ತದೆ, “ಬೀದರ್ ಕಾ ಕಾಮ್, ಅಮ್ಮಾ” ಎಂದ. ಹೈದರಾಬಾದಿನಲ್ಲಿಯೂ ಬಿದರಿ ಮಾಡುವವರಿದ್ದಾರೆ. 1956ರವರೆಗೆ ಬೀದರ, ಕಲಬುರ್ಗಿ, ರಾಯಚೂರುಗಳು ಹೈದರಾಬಾದ್ ರಾಜ್ಯದವೇ ಆಗಿದ್ದುದರಿಂದ ಇದರಲ್ಲಿ ಆಶ್ಚರ್ಯವಿಲ್ಲ. ನಮ್ಮ ನೆಲದ ಹೆಸರು ಹೊತ್ತ ವಸ್ತುವನ್ನು ನಮ್ಮವರೇ ಪರರದೆಂದು ಭಾವಿಸಿ ಕೊಳ್ಳುವುದು ಮಾತ್ರ ನಮಗೆ ಸರಿಬೀಳಲಿಲ್ಲ.

ನಿಜವಾದ ಬಿದರಿ ಕೈಗೆ ಭಾರವೆನಿಸುತ್ತದೆ. ಅದರ ಕಪ್ಪು ಬಣ್ಣ ಬಳಿದದ್ದಲ್ಲ. ದೊಡ್ಡ ಹೂಜಿಗೆ ಕೈ ಹಾಕುವ ಶಕ್ತಿ ನಮ್ಮಂಥವರಿಗಿಲ್ಲದಿದ್ದರೆ ಕುಂಕುಮದ ಭರಣಿಯೋ ಚಿಕ್ಕ ಡಬ್ಬಿಯೋ ಸಾಕು. ಮನೆಗೆ ತಂದ ಮೇಲೆ ಆಗಾಗ ಕೊಬ್ಬರಿ ಎಣ್ಣೆ ಒರೆಸಿದರಾಯಿತು. ಹೋಟೆಲಿನ ಅಭ್ಯಾಸದಿಂದ ಹುಣಿಸೆಹಣ್ಣು ಹಾಕಿ ಉಜ್ಜುವವರಿದ್ದಾರೆ, ಅದು ಬೇಡ.

ಮುತ್ತಿನ ವಿಷಯ ಚಿಕ್ಕದು. ಸಮುದ್ರವಿಲ್ಲದ ಈ ಊರಿಗೆ ಮುತ್ತು ಎಂದೂ ಹೊರಗಿನಿಂದಲೇ ಬಂದದ್ದು. ಊರಿನದೆಂದರೆ ಅದಕ್ಕೆ ರಂಧ್ರ ಕೊರೆದು ಪೋಣಿಸುವ ಜಾಣ್ಮೆ. ತಿಂಗಳ ಸಂಬಳದವರು ಅವಸರದಲ್ಲಿ ಕೊಳ್ಳುವ ಪದಾರ್ಥ ಅದಲ್ಲ.

1591ರಲ್ಲಿ ಮಹಮ್ಮದ್ ಕುಲಿ ಕುತುಬ್ ಷಾ ಕಟ್ಟಿಸಿದ ಚಾರ್‌ಮಿನಾರಿನ ಸುರುಳಿ ಮೆಟ್ಟಿಲು ಇಕ್ಕಟ್ಟಿನದು. ಮೇಲಿನಿಂದ ನಾಲ್ಕು ದಿಕ್ಕಿನ ರಸ್ತೆಗಳೂ ಪಕ್ಕದ ಮಕ್ಕಾ ಮಸೀದಿಯೂ ಕಾಣುತ್ತವೆ. ಪಶ್ಚಿಮದ ಬೀದಿಯೇ ಲಾಡ್ ಬಜಾರ್, ಬಳೆಗಳ ಬೀದಿ. ಕಾದ ಕೆಂಡದ ಮುಂದೆ ಕುಳಿತು, ಅರಗನ್ನು ಮೆತ್ತಗಾಗಿಸಿ ಹೊಸೆದು, ಬಳೆಯಾಗಿ ಬಾಗಿಸಿ, ಹೊಳೆವ ಹರಳುಗಳನ್ನು ಒಂದೊಂದಾಗಿ ಕೂಡಿಸುವವರನ್ನು ಇಲ್ಲಿ ಕಣ್ಣಾರೆ ನೋಡಬಹುದು. ದಿನವಿಡೀ ಒಲೆಯ ಮುಂದೆ ನಿಲ್ಲುವ ನಮ್ಮ ವಾಚಕರಿಗೆ ಆ ಬೆವರಿನ ಬೆಲೆಯನ್ನು ಹೇಳಿಕೊಡಬೇಕಾಗಿಲ್ಲ. ಈ ಬಳೆಗಳಿಗೆ 2024ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ದೊರೆತಿದೆ. ಚೌಕಾಸಿ ಇಲ್ಲಿನ ವಾಡಿಕೆ. ಮಾಡೋಣ, ಆದರೆ ಕಣ್ಣ ಮುಂದೆ ಮಾಡಿಕೊಟ್ಟವನೊಡನೆ ಕೊನೆಯ ಹತ್ತು ರೂಪಾಯಿಗೆ ಹಟ ಹಿಡಿಯುವುದು ನಮಗಂತೂ ಆಗಲಿಲ್ಲ. ಮನೆಯಾಕೆಯ ಹಳೆಯ ಬಳೆಯೊಂದನ್ನು ಅಳತೆಗೆ ಜೊತೆಯಲ್ಲಿ ಒಯ್ಯುವುದು ಜಾಣತನ.

ಸಂಜೆ ಒಂದು ಇರಾನಿ ಚಹಾ, ಎರಡು ಉಸ್ಮಾನಿಯಾ ಬಿಸ್ಕತ್ತು. ಚಹಾದ ಕಷಾಯವನ್ನು ಮುಚ್ಚಿದ ಪಾತ್ರೆಯಲ್ಲಿ ಬೇರೆ, ಹಾಲನ್ನು ಗಟ್ಟಿಯಾಗುವವರೆಗೆ ಬೇರೆ ಕಾಯಿಸಿ, ಲೋಟದಲ್ಲಿ ಬೆರೆಸುತ್ತಾರೆ. ಫಿಲ್ಟರ್ ಕಾಫಿಯವರಾದ ನಮಗೂ ಈ ಪದ್ಧತಿ ಅಪರಿಚಿತವೆನಿಸದು.

ರೈಲಿನಲ್ಲಿ ಅರಗಿನ ಬಳೆಯ ಪೊಟ್ಟಣವನ್ನು ಹತ್ತಿಯಲ್ಲಿ ಸುತ್ತಿ ಬಟ್ಟೆಗಳ ನಡುವೆ ಇಡಬೇಕು. ಬಿಸಿ ತಗುಲಿದರೆ ಅರಗು ಮೆತ್ತಗಾಗುತ್ತದೆ. ತಾಂಡೂರು ದಾಟಿದ ಮೇಲೆ ವಾಡಿ, ಆಮೇಲೆ ಕಲಬುರ್ಗಿ. ಎಚ್ಚರವಾಗಿದ್ದವರಿಗೆ ಅಲ್ಲಿನ ಕಟ್ಟೆಯ ಮೇಲೆ ಸರಿರಾತ್ರಿಯಲ್ಲೂ ಕನ್ನಡದ ಮಾತು ಕೇಳಿಸುತ್ತದೆ.