ನಡುದಾರಿಯಲ್ಲಿ ನಿಲ್ಲುವ ಹಳೆಯ ಮೋಟಾರು ಸೈಕಲ್ಲು: ದೋಷವನ್ನು ಪರೀಕ್ಷಿಸುವ ಕ್ರಮ

ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1960ರ ದಶಕದ ಆದಿಯಿಂದ 1996ರವರೆಗೆ ತಯಾರಾದ ಜಾವಾ ಮತ್ತು ಯೆಜ್ಡಿ ಮೋಟಾರು ಸೈಕಲ್ಲುಗಳು ಗ್ರಾಮಾಂತರಗಳಲ್ಲಿ ಇಂದಿಗೂ ಅಲ್ಲಲ್ಲಿ ಬಳಕೆಯಲ್ಲಿರುವುವು. ಇವುಗಳನ್ನು ಇಟ್ಟುಕೊಂಡಿರುವವರ ಬಾಯಿಂದ ಮೇಲಿಂದ ಮೇಲೆ ಕೇಳಿಬರುವ ದೂರು ಒಂದುಂಟು. ಮನೆಯಿಂದ ಹೊರಡುವಾಗ ಸರಾಗವಾಗಿ ಓಡಿದ ಗಾಡಿಯು ನಾಲ್ಕಾರು ಮೈಲಿ ಹೋದ ಮೇಲೆ ಉಸಿರು ಕಟ್ಟಿದಂತೆ ನಿಂತುಬಿಡುವುದು. ಎಷ್ಟು ಒದ್ದರೂ ಮತ್ತೆ ಹೊರಡದು. ನೂಕಿಕೊಂಡು ಪೇಟೆಯ ಮಿಸ್ತ್ರಿಯ ಬಳಿಗೆ ಒಯ್ದರೆ ಅಲ್ಲಿ ಮೊದಲನೆಯ ಒದೆತಕ್ಕೇ ಹೊರಡುವುದು. ಬೆಳಗಿನ ಹಾಲನ್ನು ಡೈರಿಗೆ ಸಾಗಿಸುವವನಿಗೆ ಇದರಿಂದ ಆಗುವ ನಷ್ಟವು ಅಷ್ಟಿಷ್ಟಲ್ಲ. ಇದಕ್ಕಿಂತಲೂ ಹೆಚ್ಚಿನ ನಷ್ಟವು ಊಹೆಯ ಮೇಲೆ ಮಾಡಿಸುವ ರಿಪೇರಿಯಿಂದ ಒದಗುತ್ತದೆ. ದೋಷ ಯಾವುದೆಂದು ತಿಳಿಯದೆಯೇ ಎಂಜಿನನ್ನು ಬಿಚ್ಚಿಸಿ, ಬೋರು ಮಾಡಿಸಿ, ಹೊಸ ಪಿಸ್ಟನ್ನು ಹಾಕಿಸಿದ ಮೇಲೂ ಗಾಡಿಯು ಹಿಂದಿನ ಹಾಗೆಯೇ ನಿಲ್ಲುವುದುಂಟು.

ಇಂತಹ ದೋಷಗಳಲ್ಲಿ ಬಹುಭಾಗವು ಎಂಜಿನು ಕಾದಿರುವಾಗ ಮಾತ್ರವೇ ಗೋಚರಿಸಿ, ತಣಿದೊಡನೆ ಮರೆಯಾಗತಕ್ಕವು. ಆದುದರಿಂದ ಗಾಡಿಯು ನಿಂತ ಸ್ಥಳದಲ್ಲಿಯೇ, ನಿಂತ ಐದು ಹತ್ತು ನಿಮಿಷಗಳೊಳಗಾಗಿಯೇ ಪರೀಕ್ಷೆಯನ್ನು ನಡೆಸತಕ್ಕದ್ದು.

ಮೊದಲು ಕಿಕ್ಕರನ್ನು ಮೆಲ್ಲಗೆ ಒತ್ತಿ ನೋಡಬೇಕು. ಅದು ಅಲುಗದೆ ಬಿಗಿಯಾಗಿದ್ದಲ್ಲಿ ಪಿಸ್ಟನ್ನು ಕಾದು ಹಿಡಿದುಕೊಂಡಿದೆ ಎಂದು ತಿಳಿಯತಕ್ಕದ್ದು. ಈ ಗಾಡಿಗಳು ಟೂ ಸ್ಟ್ರೋಕ್ ಜಾತಿಯವಾದುದರಿಂದ ಪಿಸ್ಟನ್ನಿಗೆ ದೊರೆಯುವ ಎಣ್ಣೆಯೆಲ್ಲವೂ ಪೆಟ್ರೋಲಿನೊಡನೆ ಬೆರೆತು ಬಂದುದೇ ಸರಿ. 25 ಪಾಲು ಪೆಟ್ರೋಲಿಗೆ 1 ಪಾಲು ಎಣ್ಣೆ, ಎಂದರೆ ಲೀಟರಿಗೆ 40 ಮಿಲಿಲೀಟರು, ಎಂಬುದು ಹಿಂದಿನಿಂದ ನಡೆದುಬಂದ ಪ್ರಮಾಣ. ಬಂಕಿನಲ್ಲಿ ಅವಸರಪಟ್ಟು ಎಣ್ಣೆಯನ್ನು ಮರೆತವನು ಹೀಗೆ ದಾರಿಯಲ್ಲಿ ನಿಲ್ಲುವನು. ಆಗ ಬಲಾತ್ಕಾರವಾಗಿ ಒದೆಯಲೂ ಕೂಡದು, ಕಾದ ಎಂಜಿನಿನ ಮೇಲೆ ನೀರು ಸುರಿಯಲೂ ಕೂಡದು. ನೆರಳಿನಲ್ಲಿ ತಾನಾಗಿ ಆರುವಂತೆ ಬಿಡಬೇಕು.

ಕಿಕ್ಕರು ಎಂದಿನಂತೆ ಆಡಿದರೆ, ಎರಡನೆಯದಾಗಿ ಪೆಟ್ರೋಲು ಟ್ಯಾಂಕಿನ ಮುಚ್ಚಳವನ್ನು ತೆರೆದು ಕಿವಿಗೊಡಬೇಕು. ಒಂದೇ ತೂತಿನ ಎಣ್ಣೆಡಬ್ಬವನ್ನು ಬಗ್ಗಿಸಿದರೆ ಎಣ್ಣೆಯು ತಡೆತಡೆದು ಬೀಳುವುದೂ, ಎದುರು ಮೂಲೆಯಲ್ಲಿ ಮೊಳೆಯಿಂದ ಇನ್ನೊಂದು ತೂತು ಮಾಡಿದೊಡನೆ ಧಾರೆಯಾಗಿ ಸುರಿಯುವುದೂ ಎಲ್ಲರೂ ಬಲ್ಲ ಸಂಗತಿ. ಟ್ಯಾಂಕಿಗೆ ಗಾಳಿ ಸೇರಲೆಂದು ಮುಚ್ಚಳದಲ್ಲಿ ಅಂತಹುದೇ ಒಂದು ಸಣ್ಣ ರಂಧ್ರವಿರುತ್ತದೆ. ಧೂಳಿನಿಂದಲೋ ಹುಳುವಿನ ಮಣ್ಣಿನಿಂದಲೋ ಅದು ಮುಚ್ಚಿಕೊಂಡರೆ ಪೆಟ್ರೋಲು ಕೆಳಗಿಳಿಯದು. ಗಾಡಿಯನ್ನು ನಿಲ್ಲಿಸಿದ ಮೇಲೆ ಗಾಳಿಯು ಎಲ್ಲಿಂದಲಾದರೂ ನಿಧಾನವಾಗಿ ನುಸುಳಿ, ಅರ್ಧ ಗಂಟೆಯಲ್ಲಿ ಎಲ್ಲವೂ ಸರಿಹೋದಂತೆ ತೋರುತ್ತದೆ. ಮುಚ್ಚಳ ತೆಗೆದಾಗ ಗಾಳಿ ಒಳಕ್ಕೆ ಸೆಳೆದ ಸದ್ದು ಕೇಳಿ, ಬಳಿಕ ಗಾಡಿಯು ಹೊರಟರೆ ರೋಗವು ಇದೇ. ಒಂದು ಸೂಜಿಯಿಂದ ಗುಣವಾಗುವ ಈ ದೋಷಕ್ಕಾಗಿ ಕಾರ್ಬ್ಯುರೇಟರನ್ನೇ ಬದಲಾಯಿಸಿದವರೂ ಇದ್ದಾರೆ.

ಹೀಗಲ್ಲವಾದರೆ ಪ್ಲಗ್ಗನ್ನು ಬಿಚ್ಚಿ ನೋಡತಕ್ಕದ್ದು. ಹಲವು ಬಾರಿ ಒದ್ದ ಮೇಲೂ ಪ್ಲಗ್ಗಿನ ತುದಿ ಒಣಗಿದ್ದರೆ ಪೆಟ್ರೋಲು ಬರುತ್ತಿಲ್ಲವೆಂದೂ, ತೊಯ್ದಿದ್ದರೆ ಪೆಟ್ರೋಲು ಬಂದರೂ ಕಿಡಿಯು ಸಾಲದೆಂದೂ ಸಾಮಾನ್ಯವಾಗಿ ನಿರ್ಣಯಿಸಬಹುದು. ಒಣಗಿದ್ದಲ್ಲಿ ಕಾಕಿನ ಜಾಲರಿ, ರಬ್ಬರು ಕೊಳವೆ, ಕಾರ್ಬ್ಯುರೇಟರಿನ ಜೆಟ್ಟು, ಇವುಗಳನ್ನು ಅದೇ ಕ್ರಮದಲ್ಲಿ ಶುದ್ಧಿಮಾಡಬೇಕು. ತೊಯ್ದಿದ್ದಲ್ಲಿ ಪ್ಲಗ್ಗಿನ ಎರಡು ತುದಿಗಳ ನಡುವೆ ಮಸಿಯ ಎಳೆಯೊಂದು ಸೇತುವೆಯಂತೆ ಕಟ್ಟಿದೆಯೇ ಎಂದು ಪರೀಕ್ಷಿಸಬೇಕು. ಎಣ್ಣೆ ಉರಿಸುವ ಎಂಜಿನುಗಳಲ್ಲಿ ಇದು ಸಾಧಾರಣ. ಕೂದಲಿನಷ್ಟು ತೆಳುವಾದ ಎಳೆಯೇ ಗಾಡಿಯನ್ನು ನಿಲ್ಲಿಸಲು ಸಾಕು.

ತರುವಾಯ ಪ್ಲಗ್ಗನ್ನು ತಂತಿಗೆ ಸೇರಿಸಿ, ಅದರ ಲೋಹದ ಮೈಯನ್ನು ಎಂಜಿನಿಗೆ ತಾಗಿಸಿ, ಕೀಲಿಯನ್ನು ತಿರುಗಿಸಿ ಒದೆಯಬೇಕು. ಪ್ಲಗ್ಗು ಬಿಚ್ಚಿದ ರಂಧ್ರದಿಂದ ಪೆಟ್ರೋಲಿನ ಆವಿಯು ಹೊರಬರುವುದರಿಂದ ಕಿಡಿಯು ಅದರ ಸಮೀಪದಲ್ಲಿರಕೂಡದು. ಟ್ಯಾಂಕಿನ ಮುಚ್ಚಳವೂ ಕಾಕೂ ಮುಚ್ಚಿರಬೇಕು. ಬೀಡಿ ಹಚ್ಚಿಕೊಂಡು ಸಲಹೆ ಕೊಡಲು ಬರುವವರನ್ನು ದೂರವಿಡುವುದು ಲೇಸು. ನೀಲಿಯ ದಪ್ಪ ಕಿಡಿಯು ಉತ್ತಮ. ಹಳದಿಯ ಸಣ್ಣ ಕಿಡಿ ಬಂದರೆ, ಅಥವಾ ಕಿಡಿಯೇ ಇಲ್ಲದಿದ್ದರೆ, ಮೊದಲು ಹೊಸ ಪ್ಲಗ್ಗನ್ನು ಹಾಕಿ ನೋಡಿ, ಬ್ಯಾಟರಿಯ ತಂತಿಗಳು ಸಡಿಲವಾಗಿಲ್ಲವೆಂದು ಖಚಿತಪಡಿಸಿಕೊಳ್ಳಬೇಕು. ಹಾರನ್ನು ಕ್ಷೀಣವಾಗಿ ಕೂಗಿದರೆ ಬ್ಯಾಟರಿಯನ್ನೇ ಶಂಕಿಸಬೇಕು.

ಇವೆಲ್ಲವೂ ನೆಟ್ಟಗಿದ್ದು ಕಿಡಿಯು ಮಾತ್ರ ಕ್ಷೀಣವಾಗಿದ್ದರೆ, ಎಂಜಿನಿನ ಬಲಪಾರ್ಶ್ವದ ಮುಚ್ಚಳದೊಳಗಿರುವ ಪಾಯಿಂಟನ್ನೂ ಕಂಡೆನ್ಸರನ್ನೂ ನೋಡತಕ್ಕದ್ದು. ಪಾಯಿಂಟು ತೆರೆದಾಗ ಸುಮಾರು 0.4 ಮಿಲಿಮೀಟರು ಅಂತರವಿರಬೇಕು. ಕಂಡೆನ್ಸರು ಕೆಟ್ಟಿದ್ದರೆ ಪ್ಲಗ್ಗಿನಲ್ಲಿ ಬೀಳಬೇಕಾದ ಬಲವು ಪಾಯಿಂಟಿನಲ್ಲಿಯೇ ಕಿಡಿಯಾಗಿ ವ್ಯಯವಾಗಿ, ಪಾಯಿಂಟಿನ ಮುಖವು ಸುಟ್ಟು ಕಪ್ಪಾಗುವುದು. ಬೆರಳಿನ ಗೆಣ್ಣಿನಷ್ಟಿರುವ ಈ ಕಂಡೆನ್ಸರು ತಣ್ಣಗಿರುವಾಗ ಸರಿಯಾಗಿದ್ದು, ಕಾದೊಡನೆ ಕೈಕೊಡುವ ಸ್ವಭಾವದ್ದು. ಪ್ರತಿಸಲವೂ ಹೆಚ್ಚುಕಡಮೆ ಅಷ್ಟೇ ದೂರ ಓಡಿ ನಿಂತು, ಅರ್ಧ ಗಂಟೆ ಆರಿದ ಮೇಲೆ ಹೊರಡುವ ಗಾಡಿಯಲ್ಲಿ ಮೊದಲು ಕಂಡೆನ್ಸರನ್ನೂ, ಅದರಿಂದ ಗುಣವಾಗದಿದ್ದರೆ ಕಾಯಿಲನ್ನೂ ಬದಲಾಯಿಸಿ ನೋಡಬೇಕೇ ಹೊರತು ಎಂಜಿನನ್ನು ಬಿಚ್ಚಬಾರದು.

ಶೇಕಡ 20ರಷ್ಟು ಎಥನಾಲು ಬೆರೆತ ಪೆಟ್ರೋಲು 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆಗೆ ಬಂದಿತು. ಕಬ್ಬಿನ ಬೆಳೆಗಾರನಿಗೆ ಹಿತವಾದ ಈ ಮಿಶ್ರಣವು ಅವನ ಹಳೆಯ ಗಾಡಿಗೆ ಅಷ್ಟು ಹಿತವಲ್ಲ. ಎಥನಾಲು ತೇವವನ್ನು ಹೀರುವುದು. ಹಳೆಯ ಕಾಲದ ರಬ್ಬರನ್ನು ಉಬ್ಬಿಸುವುದು. ಮಳೆಗಾಲವೆಲ್ಲ ಕೊಟ್ಟಿಗೆಯಲ್ಲಿ ನಿಂತ ಗಾಡಿಯ ಟ್ಯಾಂಕಿನಲ್ಲಿ ತೇವವು ಮಿತಿಮೀರಿದರೆ ನೀರೂ ಎಥನಾಲೂ ಕೂಡಿ ತಳಕ್ಕಿಳಿದು, ಕಾಕಿಗೆ ಮೊದಲು ಬರುವುದು ಅದೇ. ಅಂತಹ ಪೆಟ್ರೋಲನ್ನು ಗಾಜಿನ ಸೀಸೆಗೆ ಹಿಡಿದರೆ ಎರಡು ಪದರಗಳು ಕಾಣುವುವು. ಅದನ್ನು ಪೂರ್ಣವಾಗಿ ಬಸಿದು ತೆಗೆಯದೆ ಬೇರೆ ಉಪಾಯವಿಲ್ಲ.

ದೂರ ಹೋಗುವವರು ಒಂದು ಪ್ಲಗ್ಗು, ಅದರ ಪಾನಾ, ಒಂದು ಕಂಡೆನ್ಸರು, ನಯವಾದ ಉಪ್ಪುಕಾಗದದ ತುಂಡು ಇಷ್ಟನ್ನು ಸಂಗಡ ಇಟ್ಟುಕೊಂಡರೆ ಸಾಕು. ಇಷ್ಟರಿಂದಲೂ ಹೊರಡದೆ ಮಿಸ್ತ್ರಿಯ ಬಳಿಗೆ ಒಯ್ಯಲೇಬೇಕಾದರೆ, ಎಷ್ಟು ಮೈಲಿ ಓಡಿ ನಿಂತಿತು, ಪ್ಲಗ್ಗು ಒಣಗಿತ್ತೋ ತೊಯ್ದಿತ್ತೋ, ಕಿಡಿಯ ಬಣ್ಣವೇನು, ಎಷ್ಟು ಹೊತ್ತು ಆರಿದ ಮೇಲೆ ಹೊರಟಿತು ಎಂಬ ನಾಲ್ಕು ಸಂಗತಿಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗತಕ್ಕದ್ದು.