ಗಡಿಯಾಚೆ ಗಾಡಿ ಕೆಟ್ಟರೆ

ನಡುದಾರಿಯಲ್ಲಿ ಗಾಡಿ ಕೈಕೊಟ್ಟರೆ ಏನು ಗತಿ ಎಂಬ ಅಂಜಿಕೆಯೊಂದೇ ಯಾದಗಿರಿ, ಶಹಾಪುರ, ಸುರಪುರ ಕಡೆಯ ಎಷ್ಟೋ ಬೈಕ್ ಸವಾರರನ್ನು ನೇಪಾಳ, ಭೂತಾನ್‌ಗಳ ಆಸೆಯಿಂದ ಹಿಂದಕ್ಕೆ ಎಳೆಯುತ್ತದೆ. ಗೆಳೆಯರು ಜೊತೆಗಿದ್ದರೆ ಒಂದು ಮಾತು; ಒಬ್ಬರೇ ಹೋದಾಗ ಗಾಡಿ ತಳ್ಳಲಿಕ್ಕೂ ಇನ್ನೊಂದು ಕೈ ಇರುವುದಿಲ್ಲ. ಆದರೆ ಈ ಅಂಜಿಕೆಯಲ್ಲಿ ಬಹುಪಾಲು ಕಲಿತರೆ ಕಳೆಯುವಂಥದು. ದೂರದ ದಾರಿಯಲ್ಲಿ ಬೈಕ್ ನಿಲ್ಲಿಸುವ ಕಾರಣಗಳು ಕೆಲವೇ: ಪಂಕ್ಚರ್, ಚೈನ್, ಕ್ಲಚ್ ವೈರ್, ಬ್ಯಾಟರಿ, ಫ್ಯೂಸ್, ಕೆಟ್ಟ ಪೆಟ್ರೋಲ್, ಒಳಹೊಕ್ಕ ನೀರು. ಇವನ್ನು ನಿಭಾಯಿಸುವುದನ್ನು ಮನೆಯಂಗಳದಲ್ಲೇ ಕಲಿಯಬಹುದು. ರಸ್ತೆಬದಿಯಲ್ಲಿ ನೀವು ಪೂರ್ತಿ ರಿಪೇರಿ ಮಾಡಬೇಕಿಲ್ಲ, ಮುಂದಿನ ಗ್ಯಾರೇಜಿನವರೆಗೆ ಗಾಡಿ ಮುಟ್ಟಿಸಿದರೆ ಸಾಕು. ಏನು ಒಯ್ಯಬೇಕು, ಏನು ಕಲಿಯಬೇಕು, ಯಾವಾಗ ಕೈಬಿಡಬೇಕು ಎಂಬುದನ್ನೆಲ್ಲ ಈ ಅಳತೆಯಿಂದಲೇ ತೀರ್ಮಾನಿಸಬೇಕು.

ನಮ್ಮ ನಾಡಿನವರು ಇಂಥ ದಾರಿ ತುಳಿದಿದ್ದಾರೆ. ಹುಬ್ಬಳ್ಳಿಯ ಕ್ಯಾಂಡಿಡಾ ಲೂಯಿಸ್ 2018ರಲ್ಲಿ ಬಜಾಜ್ ಡಾಮಿನಾರ್ ಏರಿ ಬೆಂಗಳೂರಿನಿಂದ ಸಿಡ್ನಿಗೆ ಒಬ್ಬರೇ ಹೊರಟರು. ಅದೇ ವರ್ಷದ ಜನವರಿಯಲ್ಲಿ ಮೈಸೂರಿನ ಡಿ. ಕೃಷ್ಣಕುಮಾರ್ ತಾಯಿ ಚೂಡಾರತ್ನ ಅವರನ್ನು ಹಿಂದೆ ಕೂರಿಸಿಕೊಂಡು, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್ ಸ್ಕೂಟರಿನಲ್ಲಿ ತೀರ್ಥಯಾತ್ರೆ ಶುರುಮಾಡಿದರು. ನೇಪಾಳ, ಭೂತಾನ್, ಮ್ಯಾನ್ಮಾರ್ ಸೇರಿದಂತೆ 2020ರ ಹೊತ್ತಿಗೆ 56,000 ಕಿಲೋಮೀಟರಿಗೂ ಹೆಚ್ಚು ಸುತ್ತಿದ್ದರು. ಅವರದು ಒಂಟಿ ಪ್ರಯಾಣವಲ್ಲ, ನಿಜ. ಆದರೂ ಲಕ್ಷಗಟ್ಟಲೆ ಬೆಲೆಯ ಬೈಕಿಲ್ಲದೆ ಗಡಿ ದಾಟುವುದು ಹೇಗೆ ಎನ್ನುವವರಿಗೆ ಆ ಚೇತಕ್ಕೇ ಉತ್ತರ. ಸರಳ ಎಂಜಿನ್, ಯಾವ ಊರಿನ ಮಿಸ್ತ್ರಿಯಾದರೂ ಬಿಚ್ಚಿ ಜೋಡಿಸಬಲ್ಲ ರಚನೆ, ಪಂಕ್ಚರ್ ಆದರೆ ಬದಲಿಸಲು ಸ್ಟೆಪ್ನಿ: ಕೆಟ್ಟಾಗ ನೆರವಿಗೆ ಬರುವ ಗುಣಗಳು ಇವೇ.

ಆದ್ದರಿಂದ ಗಾಡಿ ಆರಿಸುವಾಗ ಎಷ್ಟು ವೇಗ ಎಂದು ಕೇಳುವ ಮೊದಲು ಅದರ ಸಾಮಾನು ಎಲ್ಲಿ ಸಿಗುತ್ತದೆ ಎಂದು ಕೇಳಿ. ನೇಪಾಳದಲ್ಲಿ ಬಜಾಜ್, ಹೀರೋ, ಹೋಂಡಾ, ಟಿವಿಎಸ್, ರಾಯಲ್ ಎನ್‌ಫೀಲ್ಡ್ ಓಡಾಡುತ್ತವೆ. ಸೊನೌಲಿ ಗಡಿ ದಾಟಿದ ಮೇಲೆ ಸಿಗುವ ಬುಟ್ವಲ್, ಮುಂದಿನ ಪೊಖರಾ, ಕಾಠ್ಮಂಡುಗಳಲ್ಲಿ ಇವಕ್ಕೆ ಬೇಕಾದ್ದು ದೊರೆಯುತ್ತದೆ. ಇನ್ನೊಂದು ಸಂಗತಿ: 2020ರ ಏಪ್ರಿಲ್ 1ರಿಂದ ಜಾರಿಗೆ ಬಂದ ಬಿಎಸ್-6 ನಿಯಮದ ನಂತರದ ಹೆಚ್ಚಿನ ಬೈಕುಗಳಲ್ಲಿ ಕಾರ್ಬ್ಯುರೇಟರ್ ಹೋಗಿ ಫ್ಯೂಯೆಲ್ ಇಂಜೆಕ್ಷನ್ ಬಂದಿದೆ. ಇವು ಎತ್ತರದ ಘಟ್ಟದಲ್ಲಿ ತಾವೇ ಹೊಂದಿಕೊಳ್ಳುತ್ತವೆ, ಆದರೆ ಸೆನ್ಸಾರ್ ಕೈಕೊಟ್ಟರೆ ಸ್ಕ್ರೂಡ್ರೈವರಿನಿಂದ ಆಗುವ ಕೆಲಸವಲ್ಲ. ಹಳೆಯ ಕಾರ್ಬ್ಯುರೇಟರ್ ಗಾಡಿ ನೇಪಾಳದ ಮುಕ್ತಿನಾಥದ ಎತ್ತರದಲ್ಲಿ, ಅಂದರೆ ಸುಮಾರು 3,700 ಮೀಟರಿನಲ್ಲಿ, ಏದುಸಿರು ಬಿಡುತ್ತದೆ. ಆದರೆ ಅದನ್ನು ಬಿಚ್ಚಿ ತೊಳೆದು ಹಾಕುವವರು ಹಳ್ಳಿಗಳಲ್ಲೂ ಇದ್ದಾರೆ. ಎರಡರಲ್ಲೂ ಲಾಭ-ನಷ್ಟ ಇದೆ. ನಿಮ್ಮ ಕೈ ಯಾವುದಕ್ಕೆ ಪಳಗಿದೆಯೋ ಅದೇ ನಿಮಗೆ ಒಳ್ಳೆಯ ಗಾಡಿ.

ಕಲಿಯಲು ನಮ್ಮ ಜಿಲ್ಲೆಗಿಂತ ಒಳ್ಳೆಯ ಶಾಲೆ ಸಿಗದು ಎಂಬುದು ನನ್ನ ನಂಬಿಕೆ. ಕಾಲುವೆ ದಂಡೆಯ ಮೇಲೆ, ಹೊಲದ ದಾರಿಯಲ್ಲಿ ಜಾಲಿಮುಳ್ಳು ಬೇಕಾದಷ್ಟು ಬಿದ್ದಿರುತ್ತದೆ. ಪಂಕ್ಚರ್ ಆದಾಗ ಅಂಗಡಿ ಹುಡುಕದೆ, ನೆರಳಿಗೆ ನಿಲ್ಲಿಸಿ ನೀವೇ ಗಾಲಿ ಬಿಚ್ಚಿ. ಟ್ಯೂಬ್ ತೆಗೆದ ಮೇಲೆ ಟೈರಿನ ಒಳಮೈಯನ್ನು ಬಟ್ಟೆ ಸುತ್ತಿದ ಬೆರಳಿನಿಂದ ಸುತ್ತಲೂ ಸವರಬೇಕು. ಮುಳ್ಳಿನ ಮೊನೆ ಮುರಿದು ರಬ್ಬರಿನೊಳಗೆ ಕುಳಿತಿರುತ್ತದೆ. ಅದನ್ನು ಬಿಟ್ಟು ಹೊಸ ಟ್ಯೂಬ್ ಹಾಕಿದರೆ ಸ್ವಲ್ಪ ದೂರದಲ್ಲೇ ಮತ್ತೆ ಗಾಳಿ ಇಳಿಯುತ್ತದೆ. ಟೈರ್ ಎಬ್ಬಿಸುವ ಲಿವರ್ ಟ್ಯೂಬನ್ನು ರಿಮ್ಮಿಗೆ ಒತ್ತಿ ಕಚ್ಚದಂತೆ ಮೊದಲು ತುಸು ಗಾಳಿ ತುಂಬಿ ದುಂಡಗೆ ಮಾಡಿಕೊಳ್ಳಿ. ಸ್ಪೋಕ್ ಗಾಲಿಗಳಲ್ಲಿ ಸಾಮಾನ್ಯವಾಗಿ ಟ್ಯೂಬ್ ಇರುತ್ತದೆ, ಹಾಗಾಗಿ ಹಿಂದಿನ ಹಾಗೂ ಮುಂದಿನ ಅಳತೆಯ ಒಂದೊಂದು ಟ್ಯೂಬ್ ಒಯ್ಯಬೇಕು. ಟ್ಯೂಬ್‌ಲೆಸ್ ಆದರೆ ಗಾಲಿ ಬಿಚ್ಚುವುದೇ ಬೇಡ: ಮೊಳೆ ಕಿತ್ತು, ತೂತನ್ನು ಅರದಂತಿರುವ ಸೂಜಿಯಿಂದ ಒರಟು ಮಾಡಿ, ಅಂಟುಬತ್ತಿ ತೂರಿಸಿ ಗಾಳಿ ತುಂಬಿದರಾಯಿತು. ಎರಡಕ್ಕೂ ಬೇಕಾದ್ದು ಗಾಳಿ ಪಂಪು. ಬ್ಯಾಟರಿಯಿಂದ ಓಡುವ ಪಂಪಿದ್ದರೂ ಸರಿ, ಕೈಪಂಪು ಒಂದು ಚೀಲದಲ್ಲಿರಲಿ. ಬ್ಯಾಟರಿಯೇ ಸತ್ತ ದಿನ ಅದು ಬೇಕಾಗುತ್ತದೆ.

ಮಳೆಗಾಲದ ಎರೆಮಣ್ಣು ಇನ್ನೊಂದು ಪಾಠ ಹೇಳುತ್ತದೆ. ರಾಡಿ ಗಾಲಿಗೂ ಮಡ್‌ಗಾರ್ಡಿಗೂ ನಡುವೆ ಗಿಡಿದು ಗಾಲಿಯೇ ತಿರುಗದಂತಾದಾಗ ಎಕ್ಸಿಲೇಟರ್ ತಿರುವುತ್ತ ಹೋದರೆ ಕ್ಲಚ್ ಪ್ಲೇಟ್ ಸುಡುತ್ತದೆ. ಇಳಿದು ಕಡ್ಡಿಯಿಂದ ಮಣ್ಣು ಕೆತ್ತಬೇಕು. ಮಣ್ಣು ತಿಂದ ಚೈನನ್ನು ತೊಳೆದು ಎಣ್ಣೆ ಹಚ್ಚದಿದ್ದರೆ ಅದು ಬೇಗ ಸವೆಯುತ್ತದೆ. ಚೈನಿನ ಸಡಿಲ ನಿಮ್ಮ ಗಾಡಿಯ ಪುಸ್ತಕದಲ್ಲಿ ಹೇಳಿದಷ್ಟೇ ಇರಬೇಕು. ಗಾಲಿಯನ್ನು ಪೂರ್ತಿ ತಿರುಗಿಸಿ, ಎಲ್ಲಿ ಅತಿ ಬಿಗಿಯೋ ಅಲ್ಲಿ ಅಳೆಯಿರಿ. ಬಿಗಿ ಚೈನು ಸಡಿಲ ಚೈನಿಗಿಂತ ಅಪಾಯಕಾರಿ: ಹಿಂದೆ ಸಾಮಾನು ಹೇರಿದಾಗ ಅದು ಇನ್ನೂ ಬಿಗಿದು ಬೇರಿಂಗನ್ನೇ ತಿನ್ನುತ್ತದೆ. ನಿಮ್ಮ ಚೈನಿನ ಅಳತೆಗೆ ಸರಿಹೊಂದುವ ಚೈನ್ ಲಾಕ್ ಎರಡು ಇಟ್ಟುಕೊಳ್ಳಿ. ಅದರ ಕ್ಲಿಪ್ ಹಾಕುವಾಗ ಮುಚ್ಚಿದ ತುದಿ ಚೈನ್ ಓಡುವ ದಿಕ್ಕಿಗಿರಬೇಕು. ತಿರುವುಮುರುವಾದರೆ ಓಟದಲ್ಲಿ ಕಳಚಿಕೊಳ್ಳಬಹುದು.

ಕ್ಲಚ್ ವೈರ್ ತುಂಡಾಗುವುದು ತೀರ ಸಾಮಾನ್ಯ. ಹೊರಡುವ ಮುನ್ನವೇ ಹೊಸ ವೈರನ್ನು ಹಳೆಯದರ ಪಕ್ಕದಲ್ಲೇ ಎಳೆದು ಟೇಪ್ ಸುತ್ತಿಬಿಟ್ಟರೆ, ತುಂಡಾದ ದಿನ ಎರಡು ತುದಿ ಸಿಕ್ಕಿಸುವ ಕೆಲಸವಷ್ಟೇ ಉಳಿಯುತ್ತದೆ. ಬಿಡಿ ವೈರ್ ಇಲ್ಲದಿದ್ದರೂ ಗಾಡಿ ನಿಲ್ಲಬೇಕಿಲ್ಲ. ನ್ಯೂಟ್ರಲ್‌ನಲ್ಲಿ ಸ್ಟಾರ್ಟ್ ಮಾಡಿ, ಕಾಲಿನಿಂದ ನೂಕುತ್ತ ವೇಗ ಬಂದೊಡನೆ ಮೊದಲ ಗೇರಿಗೆ ಒತ್ತಿ; ಮೇಲಿನ ಗೇರಿಗೆ ಹೋಗುವಾಗ ಎಕ್ಸಿಲೇಟರನ್ನು ಕ್ಷಣ ಬಿಟ್ಟು ಒತ್ತಿ; ನಿಲ್ಲುವ ಮೊದಲು ನ್ಯೂಟ್ರಲ್‌ಗೆ ತನ್ನಿ. ಇದನ್ನು ಬೆಳಗಿನ ಹೊತ್ತು ಖಾಲಿ ರಸ್ತೆಯಲ್ಲಿ ಅಭ್ಯಾಸ ಮಾಡಿ. ಜೇವರ್ಗಿಯಿಂದ ಶಹಾಪುರ, ಸುರಪುರ, ಲಿಂಗಸುಗೂರು ಹಾದು ಚಾಮರಾಜನಗರಕ್ಕೆ ಹೋಗುವ ಹೆದ್ದಾರಿ 150ಎಯ ಮೇಲೆ ಮಾತ್ರ ಬೇಡ, ಅಲ್ಲಿ ಲಾರಿಗಳ ಓಡಾಟ ಹೆಚ್ಚು.

ಇನ್ನು ಗಾಡಿ ತಟ್ಟನೆ ನಿಂತರೆ? ಮೊದಲು ರಸ್ತೆಯಿಂದ ಸರಿಸಿ, ಹೆಲ್ಮೆಟ್ ತೆಗೆದು ನೀರು ಕುಡಿಯಿರಿ. ನಮ್ಮ ಬೇಸಿಗೆಯಲ್ಲಿ 40 ಡಿಗ್ರಿ ದಾಟಿದ ಬಿಸಿಲಲ್ಲಿ ಓಡಿಸಿ ಬಂದವರ ತಲೆ ಸರಿಯಾಗಿ ಓಡುವುದಿಲ್ಲ, ಒಂಟಿಯಾಗಿದ್ದಾಗ ಅದನ್ನು ಹೇಳುವವರೂ ಇರುವುದಿಲ್ಲ. ಆಮೇಲೆ ಸುಲಭದ್ದರಿಂದ ಶುರುಮಾಡಿ. ಕಿಲ್ ಸ್ವಿಚ್ ಆಫ್ ಆಗಿದೆಯೇ? ಸೈಡ್ ಸ್ಟ್ಯಾಂಡ್ ಸ್ವಿಚ್ಚಿಗೆ ಕೆಸರು ಹತ್ತಿದೆಯೇ? ಕೀ ತಿರುಗಿಸಿದಾಗ ಮೀಟರ್ ದೀಪ ಬರದಿದ್ದರೆ ಬ್ಯಾಟರಿ ತುದಿ ಸಡಿಲವಾಗಿರಬಹುದು, ಇಲ್ಲವೇ ಫ್ಯೂಸ್ ಹೋಗಿದೆ. ದೀಪ ಬಂದರೆ ಕಿವಿಗೊಡಿ: ಇಂಜೆಕ್ಷನ್ ಗಾಡಿಯ ಟ್ಯಾಂಕಿನೊಳಗಿಂದ ಪಂಪು ಎರಡು ಮೂರು ಸೆಕೆಂಡ್ ಜುಯ್ ಎನ್ನಬೇಕು. ಸದ್ದಿಲ್ಲವೆಂದರೆ ಪಂಪು, ಅದರ ರಿಲೇ ಅಥವಾ ಫ್ಯೂಸ್ ಹುಡುಕಿ. ಸದ್ದು ಇದೆ, ಎಂಜಿನ್ ತಿರುಗುತ್ತದೆ, ಹತ್ತುತ್ತಿಲ್ಲ ಎಂದಾದರೆ ಪ್ಲಗ್ ಬಿಚ್ಚಿ ನೋಡಿ. ಒದ್ದೆಯಾಗಿದ್ದರೆ ಪೆಟ್ರೋಲ್ ಬರುತ್ತಿದೆ, ಕಿಡಿ ಇಲ್ಲ. ಒಣಗಿದ್ದರೆ ಪೆಟ್ರೋಲೇ ಬರುತ್ತಿಲ್ಲ. ಓಡುತ್ತ ಓಡುತ್ತ ನಿಂತು, ಟ್ಯಾಂಕಿನ ಮುಚ್ಚಳ ತೆಗೆದೊಡನೆ ಹತ್ತಿಕೊಂಡರೆ ಮುಚ್ಚಳದ ಗಾಳಿರಂಧ್ರಕ್ಕೆ ಧೂಳು ತುಂಬಿದೆ ಎಂದರ್ಥ. ಸುಟ್ಟ ಫ್ಯೂಸಿನ ಜಾಗಕ್ಕೆ ತಂತಿ ಸುತ್ತಬೇಡಿ, ವೈರಿಂಗೇ ಸುಟ್ಟುಹೋಗುತ್ತದೆ. ಫ್ಯೂಸ್ ಬೆಲೆ ಕಡಿಮೆ, ಅಳತೆಗೊಂದೊಂದು ಬಿಡಿ ಇಟ್ಟುಕೊಳ್ಳಿ.

ನೀರಿನದು ಬೇರೆಯೇ ಕಥೆ. ಮುಕ್ತಿನಾಥದ ದಾರಿಯಲ್ಲಿ ಹಳ್ಳಗಳು ರಸ್ತೆಗೇ ಹರಿಯುವ ಜಾಗಗಳಿವೆ. ಗಾಡಿ ನೀರಲ್ಲಿ ಬಿದ್ದೋ ಮುಳುಗಿಯೋ ಎಂಜಿನ್ ನಿಂತರೆ ಸೆಲ್ಫ್ ಒತ್ತಲೇಬೇಡಿ. ಸಿಲಿಂಡರಿನಲ್ಲಿ ನೀರಿದ್ದರೆ ಪಿಸ್ಟನ್ ಅದನ್ನು ಅದುಮಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಂದು ಪ್ಲಗ್ ಬಿಚ್ಚಿ, ಏರ್ ಫಿಲ್ಟರ್ ಒಣಗಿಸಿ, ಪ್ಲಗ್ ರಂಧ್ರದಿಂದ ನೀರೆಲ್ಲ ಚಿಮ್ಮಿ ಹೋಗುವಂತೆ ಎಂಜಿನ್ ತಿರುಗಿಸಿ. ಎಂಜಿನ್ ಆಯಿಲ್ ಹಾಲಿನ ಬಣ್ಣಕ್ಕೆ ತಿರುಗಿದ್ದರೆ ಅದಕ್ಕೆ ನೀರು ಸೇರಿದೆ, ಬದಲಿಸದೆ ಓಡಿಸಬಾರದು. ಘಟ್ಟ ಇಳಿಯುವಾಗ ಬ್ರೇಕನ್ನೇ ನಂಬದೆ ಕೆಳಗಿನ ಗೇರಿನಲ್ಲಿ ಇಳಿಯಿರಿ. ಬ್ರೇಕ್ ಆಯಿಲ್ ತೇವ ಹೀರುತ್ತದೆ. ಹಳೆಯದಾದರೆ ಕಾದು ಕುದಿದು ಲಿವರ್ ಮೆತ್ತಗಾಗುತ್ತದೆ. ಹೊರಡುವ ಮುನ್ನ ಅದನ್ನು ಬದಲಿಸಿ.

ಕೆಲವು ಲಕ್ಷಣ ಕಂಡಾಗ ಮುಂದೆ ಹೋಗಲೇಬಾರದು. ಆಯಿಲ್ ದೀಪ ಉರಿದರೆ, ಎಂಜಿನ್ ಒಳಗಿನಿಂದ ಲೋಹ ಬಡಿಯುವ ಸದ್ದು ಬಂದರೆ, ಗಾಲಿ ಅಲುಗಾಡಿದರೆ, ಬ್ರೇಕ್ ಹಿಡಿಯದಿದ್ದರೆ ಅಲ್ಲಿಗೆ ನಿಲ್ಲಿಸಿ ಪಿಕಪ್ ಗಾಡಿ ಹುಡುಕಿ. ನೇಪಾಳದಲ್ಲಿ ಪೊಲೀಸರ ಸಂಖ್ಯೆ 100, ಪ್ರವಾಸಿ ಪೊಲೀಸರದು 1144. ಭೂತಾನಿನಲ್ಲಿ ಪೊಲೀಸರಿಗೆ 113, ಆಂಬುಲೆನ್ಸಿಗೆ 112. ನೆಟ್‌ವರ್ಕ್ ಸಿಕ್ಕರೆ ಆ ಸದ್ದಿನ ವಿಡಿಯೊ ತೆಗೆದು ಊರಿನ ಮಿಸ್ತ್ರಿಗೆ ವಾಟ್ಸಾಪ್ ಮಾಡಿ. ನಿಮ್ಮ ಗಾಡಿಯನ್ನು ವರ್ಷಗಟ್ಟಲೆ ಬಿಚ್ಚಿದವರು ಅವರು. ಹೊಸ ಊರಿನಲ್ಲಿ ಅಷ್ಟು ನಂಬಬಲ್ಲವರು ನಿಮಗೆ ಸಿಗುವುದು ಕಷ್ಟ.

ಗಡಿಯಾಚೆ ಗಾಡಿ ಕೆಟ್ಟಾಗ ಇನ್ನೊಂದು ಗಡಿಯಾರವೂ ಓಡುತ್ತಿರುತ್ತದೆ, ಅದು ಕಾಗದಪತ್ರದ್ದು. ನೇಪಾಳಕ್ಕೆ ಒಳಹೋಗುವಾಗ ಭನ್ಸಾರ್, ಅಂದರೆ ಸುಂಕದ ಚೀಟಿ, ಇಂತಿಷ್ಟು ದಿನಕ್ಕೆ ಎಂದು ಮಾಡಿಸಬೇಕು. ಭಾರತದ ಗಾಡಿಗೆ ವರ್ಷಕ್ಕೆ 30 ದಿನದ ಮಿತಿ ಇದೆ. ಲೆಕ್ಕ ಹಾಕಿದ್ದಕ್ಕಿಂತ ಎರಡು ಮೂರು ದಿನ ಹೆಚ್ಚಿಗೇ ಬರೆಸಿ. ಸಾಮಾನು ಬರಲು ಕಾಯಬೇಕಾದರೆ ಆ ದಿನಗಳು ಕಾಯುತ್ತವೆ, ದಾಟಿದರೆ ದಂಡ. ಭೂತಾನಿನಲ್ಲಿ ಭಾರತೀಯರು ರಾತ್ರಿಗೆ 1,200 ರೂಪಾಯಿ ಸುಸ್ಥಿರ ಅಭಿವೃದ್ಧಿ ಶುಲ್ಕ ಕಟ್ಟಬೇಕಾದ್ದರಿಂದ ಗ್ಯಾರೇಜಿನಲ್ಲಿ ಕಳೆದ ದಿನವೂ ದುಬಾರಿ. ಗಾಡಿ ಅಪ್ಪನ ಹೆಸರಿನಲ್ಲೋ ಅಣ್ಣನ ಹೆಸರಿನಲ್ಲೋ ಇದ್ದರೆ, ನಮ್ಮ ಕಡೆ ಹೀಗಿರುವುದೇ ಹೆಚ್ಚು, ಅವರ ಒಪ್ಪಿಗೆ ಪತ್ರ ಜೊತೆಗಿರಲಿ. ಸಾಮಾನ್ಯ ವಿಮೆ ದೇಶದ ಗಡಿಗೇ ನಿಲ್ಲುತ್ತದೆ. ನೇಪಾಳ, ಭೂತಾನ್, ಬಾಂಗ್ಲಾದೇಶಗಳಿಗೂ ವಿಸ್ತರಿಸುವಂತೆ ಹೆಚ್ಚುವರಿ ಕಂತು ಕಟ್ಟಿ ಪಾಲಿಸಿಯಲ್ಲಿ ಬರೆಸಿಕೊಳ್ಳಬಹುದು.

ಇರಾನಿನಂಥ ದೂರದ ದೇಶಕ್ಕಾದರೆ ಕಾರ್ನೆ, ಅಂದರೆ ಆಮದು ಸುಂಕ ಕಟ್ಟದೆ ಗಾಡಿಯನ್ನು ತಾತ್ಕಾಲಿಕವಾಗಿ ಒಯ್ಯಲು ಬಿಡುವ ಪುಸ್ತಕ, ಬೇಕು. ಭದ್ರತೆಯ ಮೇಲೆ ಕೊಡುವ ಈ ಪುಸ್ತಕವನ್ನು ಮುಂಬೈನ ವೆಸ್ಟರ್ನ್ ಇಂಡಿಯಾ ಆಟೊಮೊಬೈಲ್ ಅಸೋಸಿಯೇಷನ್ ನೀಡುತ್ತದೆ. ಒಳಹೋಗುವಾಗ ಒಂದು, ಹೊರಬರುವಾಗ ಒಂದು ಮುದ್ರೆ ಬೀಳಬೇಕು. ಎಂಜಿನ್ ಸೀಜ್ ಆಗಿ ಗಾಡಿ ಗುಜರಿಗೆ ಸಮವಾದರೂ ಅಲ್ಲೇ ಬಿಟ್ಟು ವಿಮಾನ ಹತ್ತುವಂತಿಲ್ಲ. ಹೊರಬಂದ ಮುದ್ರೆ ಇಲ್ಲದಿದ್ದರೆ ಆಮದು ಸುಂಕ ನಿಮ್ಮ ತಲೆಗೆ ಬರುತ್ತದೆ. ಸತ್ತ ಗಾಡಿಯನ್ನಾದರೂ ಲಾರಿಗೆ ಹೇರಿ ಗಡಿ ದಾಟಿಸಿ, ಮುದ್ರೆ ಹಾಕಿಸಬೇಕು. ನೇಪಾಳದಿಂದ ಹೀಗೆ ತಂದರೆ ಗೋರಖ್‌ಪುರ ಹತ್ತಿರದ ದೊಡ್ಡ ನಿಲ್ದಾಣ. ಟ್ಯಾಂಕಿನ ಪೆಟ್ರೋಲ್ ಪೂರ್ತಿ ತೆಗೆಸಿ, ಗೋಣಿ ಸುತ್ತಿಸಿ, ಆರ್‌ಸಿ ಮತ್ತು ಗುರುತಿನ ಚೀಟಿಯ ನಕಲು ಕೊಟ್ಟು ಪಾರ್ಸೆಲ್ ಮಾಡಬಹುದು. ಯಾದಗಿರಿಯವರೆಗೆ ನೇರ ಬುಕಿಂಗ್ ಸಿಗದಿದ್ದರೆ ಸಿಕಂದರಾಬಾದ್‌ವರೆಗಾದರೂ ಮಾಡಿಸಿ, ಅಲ್ಲಿಂದ ಮುಂದೆ ಟೆಂಪೊ ಹಿಡಿಯಿರಿ.