ಟ್ಯಾಂಕಿನ ಹೊಟ್ಟೆಯೊಳಗಿನ ತುಕ್ಕು

ಹಳೆಯ ಅಂಬಾಸಿಡರ್ ಕಾರಿನಡಿ ಪೆಟ್ರೋಲ್ ತೊಟ್ಟಿಕ್ಕತೊಡಗಿದರೆ ಅನುಭವಿ ಡ್ರೈವರ್ ಮೊದಲು ಹುಡುಕುತ್ತಿದ್ದುದು ಬಟ್ಟೆ ಸೋಪಿನ ತುಂಡನ್ನು. ತೂತಿಗೆ ಸೋಪು ಉಜ್ಜಿದರೆ ಸೋರಿಕೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ನೀರಿನಲ್ಲಿ ಕರಗುವ ಸೋಪು ಪೆಟ್ರೋಲಿನಲ್ಲಿ ಕರಗದು! ಆದರೆ ಇದು ಗ್ಯಾರೇಜು ಮುಟ್ಟುವವರೆಗಿನ ಉಪಾಯ ಮಾತ್ರ.

ಬಂಗಾಳದ ಉತ್ತರಪಾರಾದಲ್ಲಿ ಅಂಬಾಸಿಡರ್ ತಯಾರಿಕೆ ನಿಂತದ್ದು 2014ರಲ್ಲಿ. ಅದಕ್ಕಿಂತ ಮೊದಲೇ ಫಿಯೆಟ್ ಮೂಲದ ಪ್ರೀಮಿಯರ್ ಪದ್ಮಿನಿಯೂ ನಿಂತಿತ್ತು. ಇಂದು ಇವನ್ನು ಉಳಿಸಿಕೊಂಡವರಿಗೆ ಎಂಜಿನ್‌ಗಿಂತ ಹೆಚ್ಚು ತಲೆನೋವು ತರುವುದು ಕಣ್ಣಿಗೆ ಕಾಣದ ಈ ತಗಡಿನ ಡಬ್ಬಿ.

ಅರ್ಧ ಖಾಲಿಯಾಗಿ ನಿಂತ ಟ್ಯಾಂಕಿನೊಳಗೆ ಗಾಳಿಯ ತೇವ ರಾತ್ರಿಯ ತಂಪಿಗೆ ಹನಿಗಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳ ಸೇರುತ್ತದೆ. ತೂತು ಹೆಚ್ಚಾಗಿ ತಳದಲ್ಲೇ ಬೀಳುವುದು ಇದಕ್ಕೇ. ತುಕ್ಕು ತಡೆಯಲೆಂದು ಹಿಂದೆ ಅನೇಕ ಟ್ಯಾಂಕುಗಳ ಉಕ್ಕಿನ ತಗಡಿಗೆ ಸೀಸ ಮತ್ತು ತವರದ ಮಿಶ್ರಲೋಹದ ಲೇಪ ಕೊಡುತ್ತಿದ್ದರು. ನಮ್ಮ ಹಿತ್ತಾಳೆ ಪಾತ್ರೆಗಳ ಕಲಾಯಿಯಂತೆ ಎನ್ನಬಹುದು. (ಅಡುಗೆ ಪಾತ್ರೆಗೆ ಸೀಸ ಸಲ್ಲದು, ಆ ಮಾತು ಬೇರೆ.)

ರಿಪೇರಿಯಲ್ಲಿ ಜೀವಕ್ಕೆ ಎರವಾಗುವುದು ತುಂಬಿದ ಟ್ಯಾಂಕಲ್ಲ, ಖಾಲಿ ಟ್ಯಾಂಕು. ಗಾಳಿಯಲ್ಲಿ ಪೆಟ್ರೋಲ್ ಆವಿ ಶೇ 1.4ರಿಂದ 7.6ರಷ್ಟಿದ್ದರೆ ಸಾಕು, ಒಂದು ಕಿಡಿಗೆ ಸಿಡಿಯುತ್ತದೆ. ಬಸಿದು ಒಣಗಿದಂತೆ ಕಾಣುವ ಟ್ಯಾಂಕಿನ ಮಡಿಕೆಗಳಲ್ಲಿ ಪೆಟ್ರೋಲ್ ಅಂಟಿಕೊಂಡೇ ಇರುತ್ತದೆ. ಬೆಸುಗೆಯ ಬಿಸಿ ತಾಗಿದೊಡನೆ ಆವಿಯಾಗುತ್ತದೆ. ಆದ್ದರಿಂದ ಬಲ್ಲವರು ಬಿಸಿನೀರು, ಸೋಪಿನ ಪುಡಿ, ಉಗಿಗಳಿಂದ ಹಲವು ಸಲ ತೊಳೆದು, ಬೆಸುಗೆಯ ಜಾಗವೊಂದನ್ನು ಬಿಟ್ಟು ಉಳಿದಷ್ಟಕ್ಕೂ ನೀರು ತುಂಬಿಸುತ್ತಾರೆ. ಇದು ಮನೆಯಂಗಳದ ಪ್ರಯೋಗಕ್ಕೆ ಖಂಡಿತ ತಕ್ಕದ್ದಲ್ಲ.

ತುಕ್ಕು ತೆಗೆಯುವ ಬಗೆ ಹಲವು. ಹಳೆಯದೆಂದರೆ, ಒಳಗೆ ಸಣ್ಣ ಸರಪಳಿ ಅಥವಾ ಜಲ್ಲಿ ಹಾಕಿ ಕುಲುಕುವುದು. ವಿದ್ಯುತ್ತಿನ ವಿಧಾನ ಹೆಚ್ಚು ನಾಜೂಕಿನದು: ತೊಳೆದ ಟ್ಯಾಂಕಿಗೆ ವಾಷಿಂಗ್ ಸೋಡಾ ಬೆರೆಸಿದ ನೀರು ತುಂಬಿ, ನಡುವೆ ಟ್ಯಾಂಕಿಗೆ ತಾಗದಂತೆ ಕಬ್ಬಿಣದ ಸರಳು ಇಳಿಬಿಟ್ಟು, ಬ್ಯಾಟರಿ ಚಾರ್ಜರಿನ ಧನ ತುದಿಯನ್ನು ಸರಳಿಗೆ, ಋಣ ತುದಿಯನ್ನು ಟ್ಯಾಂಕಿಗೆ ಕೊಡುತ್ತಾರೆ. ತುಕ್ಕು ಸಡಿಲವಾಗಿ ಕಳಚುತ್ತದೆ. ಜಲಜನಕವೂ ಹೊಮ್ಮುವುದರಿಂದ ಬಯಲಿನಲ್ಲೇ ಮಾಡಬೇಕು. ಸ್ಟೀಲ್ ಪಾತ್ರೆಯ ತುಂಡನ್ನು ಸರಳಾಗಿ ಬಳಸಿದರೆ ಕ್ರೋಮಿಯಂನ ವಿಷ ನೀರಿಗಿಳಿಯುತ್ತದೆ. ಕೆಲಸ ಮುಗಿದ ಕೂಡಲೇ ಒಣಗಿಸದಿದ್ದರೆ ಮತ್ತೆ ತುಕ್ಕು ಶುರು.

ಇನ್ನು ತಳದ ತಗಡು. ಸ್ಕ್ರೂಡ್ರೈವರಿನಿಂದ ಒತ್ತಿದಾಗ ಒಳಗೆ ಇಳಿದರೆ ತೇಪೆ ವ್ಯರ್ಥ. ಕೊಳೆತಷ್ಟನ್ನು ಕತ್ತರಿಸಿ ಹೊಸ ತಗಡು ಕೂಡಿಸಬೇಕು. ಸೂಜಿಮೊನೆಯಷ್ಟರ ತೂತುಗಳಾದರೆ ಬೆಸುಗೆ ಹಾಕಿ ಒಳಗೆ ರಾಳದ ಲೇಪ ಹರಿಸಬಹುದು. ಹೊಸ ಟ್ಯಾಂಕನ್ನೇ ಮಾಡಿಸಿದರಾಯಿತಲ್ಲ ಎನ್ನುವವರಿದ್ದಾರೆ. ಆದರೆ ಹಳೆಯ ಕಾರಿನ ಬೆಲೆ ಇರುವುದೇ ಅದರ ಮೂಲ ಲೋಹದಲ್ಲಿ. 2021ರ ಕೇಂದ್ರ ನಿಯಮವೂ 50 ವರ್ಷ ದಾಟಿದ, ಮೂಲರೂಪ ಉಳಿಸಿಕೊಂಡ ವಾಹನಕ್ಕೇ ವಿಂಟೇಜ್ ಪಟ್ಟ ಕೊಡುತ್ತದೆ.

ಹಳೆಯ ಮೆಕ್ಯಾನಿಕ್ಕುಗಳು ಎಣಿಸದಿದ್ದ ಶತ್ರು ಎಥನಾಲ್. ಶೇ 20ರಷ್ಟು ಎಥನಾಲ್ ಬೆರೆತ ಪೆಟ್ರೋಲಿಗೆ 2023ರ ಫೆಬ್ರುವರಿಯಲ್ಲಿ ಚಾಲನೆ ಸಿಕ್ಕಿದ್ದು ನಮ್ಮ ಬೆಂಗಳೂರಿನಲ್ಲೇ. ಕಬ್ಬು ಬೆಳೆಗಾರನಿಗೆ ಅದು ವರ. ಹಳೆಯ ಟ್ಯಾಂಕಿಗೆ ಹಾಗಲ್ಲ. ಎಥನಾಲ್ ನೀರನ್ನು ಹೀರಿಕೊಳ್ಳುತ್ತದೆ, ಅತಿಯಾದಾಗ ನೀರಿನೊಡನೆ ಬೇರ್ಪಟ್ಟು ತಳಕ್ಕಿಳಿಯುತ್ತದೆ. ಹಳೆಯ ರಬ್ಬರ್ ಕೊಳವೆಗಳನ್ನೂ ಕೆಲವು ಹಳೆಯ ಲೇಪಗಳನ್ನೂ ಅದು ಮೆತ್ತಗಾಗಿಸುತ್ತದೆ. ಸುಲಿದ ಲೇಪದ ಚೂರುಗಳು ಕಾರ್ಬುರೇಟರಿಗೆ ಅಡ್ಡ ಬೀಳುತ್ತವೆ. ಹಾಗಾಗಿ ಇಂದು ಲೇಪ ಹಾಕಿಸುವವರು ಅದು ಎಥನಾಲಿಗೆ ತಡೆಯುತ್ತದೆಯೇ ಎಂದು ಡಬ್ಬದ ಮೇಲೆ ಓದಿಕೊಳ್ಳಬೇಕು, ರಬ್ಬರ್ ಕೊಳವೆಗಳನ್ನೂ ಜೊತೆಗೇ ಬದಲಿಸಬೇಕು.